ತಮ್ಮನ ರಕ್ತದ ಸಿಟ್ಟು

‘ತಮ್ಮ ಕೊಟ್ಟ ರಕ್ತ ಅಕ್ಕನ ಮ್ಯಾಲ ಯಾಕ ಸಿಟ್ಟಾಗತೈತ್ರಿ?’

ಮಂಗಳವಾರ ವಿಜಯಪುರದ ಆಸ್ಪತ್ರೆಯೊಂದರಲ್ಲಿ ನಮ್ಮ ಅವ್ವ ವೈದ್ಯರನ್ನು ಕೇಳಿದ ಈ ಮಾತು ನಾಲ್ಕು ದಿನವಾದರೂ ನನ್ನ ಕಿವಿಯನ್ನು ಬಿಟ್ಟಿಲ್ಲ. ರಕ್ತದ ಕ್ಯಾನ್ಸರ್ ಆಗಿದ್ದ ಅಣ್ಣನ ಮಗಳಿಗೆ ಬೆಂಗಳೂರಿನಲ್ಲಿ ಅಸ್ಥಿಮಜ್ಜೆಯ, ಅಂದರೆ ಎಲುಬಿನೊಳಗೆ ರಕ್ತ ತಯಾರಿಸುವ ತಿರುಳಿನ, ಕಸಿ ಮಾಡಿಸಿ ಮೂರು ತಿಂಗಳಾಯಿತು. ಮಜ್ಜೆ ಕೊಟ್ಟವನು ಅವಳ ಒಂಬತ್ತು ವರ್ಷದ ತಮ್ಮ. ಅಂದಿನಿಂದ ದಿನಕ್ಕೆರಡು ಸಲ ಈ ಸಿಟ್ಟನ್ನು ತಡೆಹಿಡಿಯುವ ಔಷಧ, ಸೈಕ್ಲೋಸ್ಪೋರಿನ್. ಕೀಮೋದಿಂದ ತಲೆಗೂದಲು ಕಳೆದುಕೊಂಡ ಹುಡುಗಿಯ ಕೆನ್ನೆ, ತೋಳುಗಳ ಮೇಲೆ ಈ ಗುಳಿಗೆಯಿಂದ ಕೂದಲು ಬೆಳೆಯುತ್ತಿದೆ, ಬೆರಳುಗಳು ಸಣ್ಣಗೆ ನಡುಗುತ್ತವೆ.

ಆ ತರುಣ ವೈದ್ಯರು ಅವ್ವನ ಮಾತನ್ನು ತಿದ್ದಲಿಲ್ಲ, ಅದೇ ಮಾತಿನಲ್ಲಿ ಉತ್ತರಿಸಿದರು. ತಮ್ಮನ ಟಿ ಕಣಗಳಿಗೆ, ಅಂದರೆ ಮೈಯನ್ನು ಕಾಯುವ ಬಿಳಿ ರಕ್ತಕಣಗಳಿಗೆ, ಅಕ್ಕನ ಚರ್ಮ, ಕರುಳು, ಯಕೃತ್ತುಗಳು ಪರಕೀಯವಾಗಿ ಕಾಣುತ್ತವೆ. ಪರಕೀಯವನ್ನು ಕಂಡ ಕಣದೊಳಗೆ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎಚ್ಚೆತ್ತು, ಕಣಗಳನ್ನು ಹೆಚ್ಚಿಸುವ ಇಂಟರ್‌ಲ್ಯೂಕಿನ್-2 ಎಂಬ ಸಂಕೇತ ತಯಾರಾಗಿ, ಆ ಒಂದು ಕಣವೇ ದಂಡಾಗಿ ಬೆಳೆಯುತ್ತದೆ. ಸೈಕ್ಲೋಸ್ಪೋರಿನ್ ಕ್ಯಾಲ್ಸಿನ್ಯೂರಿನನ್ನು ತಡೆಯುವುದರಿಂದ ಕಣ ಸಾಯದಿದ್ದರೂ ದಂಡು ಕಟ್ಟಲಾರದು. ಕಸಿಯ ಮೊದಲ ದಿನಗಳಲ್ಲಿ ಕೊಟ್ಟಿದ್ದ ಮೆಥೊಟ್ರೆಕ್ಸೇಟ್ ಮಾತ್ರ ವೇಗವಾಗಿ ಒಡೆದು ಎರಡಾಗುವ ಕಣಗಳನ್ನೇ ಹೊಡೆಯುವಂಥದ್ದು. ಅದಕ್ಕೇ ಅದು ಕ್ಯಾನ್ಸರ್‌ಗೂ ಮದ್ದು, ಈ ಸಿಟ್ಟಿಗೂ ಮದ್ದು. ಆ ಬಗೆಯ ಔಷಧಗಳ ಹಿಂದೆ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆಯಿದೆ ಎಂಬುದನ್ನು ನಮ್ಮ ಮಕ್ಕಳು ಶಾಲೆಯಲ್ಲಿಯೇ ಓದಬೇಕಿತ್ತು.

‘ಹಂಗಾರ ಸಿಟ್ಟು ಪೂರಾ ಇಳಿಸಿಬಿಡ್ರಿ’ ಎಂದಳು ಅವ್ವ. ವೈದ್ಯರು ಆಗದೆಂದು ತಲೆಯಾಡಿಸಿದರು. ಎಲ್ಲಿಯೋ ಅಡಗಿ ಉಳಿದಿರಬಹುದಾದ ಕ್ಯಾನ್ಸರ್ ಕಣಗಳನ್ನು ಹುಡುಕಿ ಕೊಲ್ಲುವುದೂ ಅದೇ ಸಿಟ್ಟು. ಆದ್ದರಿಂದ ಚರ್ಮ, ಹೊಟ್ಟೆಗಳನ್ನು ಗಮನಿಸುತ್ತ ಈ ವಾರದಿಂದ ಗುಳಿಗೆಯ ಪ್ರಮಾಣವನ್ನು ತುಸು ತುಸುವೇ ಇಳಿಸುತ್ತಾರಂತೆ. ಗುಳಿಗೆ ಕಡಿಮೆಯಾದರೆ ರೋಗ ಕಡಿಮೆಯಾದಂತೆ ಎಂದುಕೊಂಡಿದ್ದ ನನಗೆ, ಕಡಿಮೆ ಮಾಡುವುದೇ ಚಿಕಿತ್ಸೆಯ ಒಂದು ಭಾಗವೆಂದು ಅಂದು ತಿಳಿಯಿತು.

ಮನೆಗೆ ಬಂದರೆ ದೊಡ್ಡಪ್ಪನ ಮಗ ಅಮೃತಬಳ್ಳಿ ಕಷಾಯದ ಬಾಟಲಿ ಹಿಡಿದು ಕೂತಿದ್ದ, ರೋಗನಿರೋಧಕ ಶಕ್ತಿ ಬರುತ್ತದೆಂದು. ಕೆಟ್ಟವನಲ್ಲ. ಆದರೆ ಮೂರು ತಿಂಗಳಲ್ಲಿ ಸಲಹೆಗಳನ್ನಲ್ಲದೆ ಒಂದು ಪ್ರಶ್ನೆಯನ್ನೂ ಅವನು ಕೇಳಿಲ್ಲ. ಶಾಲೆ ಕಾಣದ ಅವ್ವ ಎರಡೇ ಮಾತಿನಲ್ಲಿ ವಿಷಯದ ಬುಡಕ್ಕೆ ಕೈಯಿಟ್ಟಳು. ಶಕ್ತಿಯೆಂದರೆ ಹೆಚ್ಚಿದಷ್ಟೂ ಒಳ್ಳೆಯದೆಂದು ನಾವು ನಂಬಿಬಿಟ್ಟಿದ್ದೇವೆ, ಅದು ಯಾರ ಮೇಲೆ ತಿರುಗಿದೆ ಎಂದು ಕೇಳುವುದೇ ಇಲ್ಲ. ಹಾಗೆಂದು ಅದನ್ನು ತಗ್ಗಿಸಿಟ್ಟ ದಿನಗಳೂ ಸುಲಭವಲ್ಲ: ಜೋಳದ ರಾಶಿಯ ದೂಳಿನಲ್ಲಿ ಬೂಷ್ಟಿನ ಬೀಜಕಣಗಳು ಬರುತ್ತವೆಂದು ಕಿಟಕಿ ಮುಚ್ಚಿದ್ದೇವೆ, ಮೈ 38 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು.

ಅವ್ವ ಆ ಪ್ರಶ್ನೆ ಕೇಳಿದಾಗ ಹುಡುಗ ಬಾಗಿಲ ಬಳಿಯೇ ನಿಂತಿದ್ದನೆಂಬುದು ನನಗೆ ರಾತ್ರಿ ಗೊತ್ತಾಯಿತು. ‘ಕಾಕಾ, ನಾ ಅಕ್ಕನ ಮ್ಯಾಲ ಸಿಟ್ಟಾಗಿಲ್ಲ’ ಎಂದು ಬಿಕ್ಕುತ್ತಿದ್ದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಕಣಗಳು ಅಕ್ಕನ ಮೈಯಲ್ಲಿ ಕಳ್ಳರನ್ನು ಹುಡುಕುತ್ತಿವೆ, ಮನೆಯವರು ಯಾರೆಂದು ಅವಕ್ಕಿನ್ನೂ ಗುರುತು ಹತ್ತಬೇಕು ಎಂದು ಹೇಳಿದೆ. ‘ಎಷ್ಟ ದಿನಾ ಬೇಕು?’ ಎಂದು ಕೇಳಿದ. ಸೋಮವಾರ ಗುಳಿಗೆಗೆ ಮೊದಲೇ ಅಕ್ಕನ ರಕ್ತ ತೆಗೆದು ಔಷಧದ ಮಟ್ಟ ನೋಡಬೇಕು. ಅಂದು ತಾನೂ ಬರುತ್ತೇನೆಂದಿದ್ದಾನೆ.