ಪ್ಯಾಲೆಸ್ಟೀನಿ ಹೋಟೆಲಿನಲ್ಲಿ ಮಾಂಸ ತಿನ್ನದವರಿಗೆ ಏನಿದೆ?

ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನಲ್ಲಿ ಮೇನ್ ಸ್ಟ್ರೀಟಿನ ಒಂದು ಭಾಗಕ್ಕೆ 2022ರಲ್ಲಿ 'ಪ್ಯಾಲೆಸ್ಟೈನ್ ವೇ' ಎಂದು ಹೆಸರಿಟ್ಟರು. ಅಲ್ಲಿ ಊಟಕ್ಕೆ ಹೊರಟ ಕನ್ನಡದವರು ಮೊದಲು ಕೇಳುವುದು ಇದನ್ನೇ: "ನಾವು ಮಾಂಸ ತಿನ್ನಲ್ಲ, ನಮಗೇನು ಸಿಗುತ್ತೆ?"

ಬೇಕಾದಷ್ಟು ಸಿಗುತ್ತೆ. ಆದರೆ "ಮಾಂಸ ಹಾಕಿದ್ದೀರಾ?" ಅಂತ ಕೇಳಿದರೆ ಸಾಲದು, "ಯಾವ ನೀರಲ್ಲಿ ಬೇಯಿಸಿದ್ದು?" ಅಂತಲೂ ಕೇಳಿ. ಮಕ್ಲೂಬೆಯನ್ನೇ ನೋಡಿ. ಕರಿದ ಬದನೆಕಾಯಿ, ಹೂಕೋಸನ್ನು ಅಕ್ಕಿಯ ಜೊತೆ ಪದರ ಪದರವಾಗಿ ಜೋಡಿಸಿ ಬೇಯಿಸಿ, ತಟ್ಟೆಗೆ ಬೋರಲು ಹಾಕುವ ಅನ್ನ ಅದು. ಕಣ್ಣಿಗೆ ತರಕಾರಿ ಬಾತು. ಅಕ್ಕಿ ಬೆಂದದ್ದು ಮಾತ್ರ ಸಾಮಾನ್ಯವಾಗಿ ಕೋಳಿಯನ್ನೋ ಕುರಿಮಾಂಸವನ್ನೋ ಬೇಯಿಸಿದ ನೀರಲ್ಲಿ. ಮುಸಖ್ಖನ್‌ನಲ್ಲೂ ಮೇಲಿನ ಕೋಳಿಯನ್ನು ಎತ್ತಿಟ್ಟು ಪ್ರಯೋಜನವಿಲ್ಲ. ಕೆಳಗಿನ ರೊಟ್ಟಿ ಆ ರಸವನ್ನು ಆಗಲೇ ಕುಡಿದಿರುತ್ತದೆ. ಹಸಿಗೋಧಿ ಸುಟ್ಟು ಮಾಡುವ ಫ್ರೀಕೆಯ ಸೂಪು, ಮುಲೂಖಿಯಾ ಸೊಪ್ಪು ಕೂಡ ಹೀಗೇ. ಬೇಳೆ ಸೂಪು ಅಡುಗೆಮನೆಯಿಂದ ಅಡುಗೆಮನೆಗೆ ಬೇರೆ, ಕೇಳಿಯೇ ತಗೊಳ್ಳಿ.

ದ್ರಾಕ್ಷಿ ಎಲೆಯ ಸುರುಳಿಗೆ ಒಂದು ಗುರುತಿದೆ. ಬಿಸಿಯಾಗಿ ಬಂದರೆ ಒಳಗೆ ಕೈಮಾ ಇರುವುದೇ ಹೆಚ್ಚು. ತಣ್ಣಗೆ, ಆಲಿವ್ ಎಣ್ಣೆಯಲ್ಲಿ ಬರುವುದು ಬರೀ ಅಕ್ಕಿಯದು. ಅದಕ್ಕೆ 'ಯಾಲಂಜಿ' ಅಂತಾರೆ. ಟರ್ಕಿ ಭಾಷೆಯಲ್ಲಿ ಸುಳ್ಳುಗಾರ ಎಂದರ್ಥ. ಮಾಂಸದ ವೇಷ ಹಾಕಿಕೊಂಡದ್ದಕ್ಕೆ ಸಿಕ್ಕ ಹೆಸರು!

ಹೊಟ್ಟೆ ತುಂಬಲು ಮುಜದ್ದರ ಹೇಳಿ: ಇಡೀ ಮಸೂರ ಹಾಕಿದ ಅನ್ನ, ಮೇಲೆ ಕಂದು ಬಣ್ಣಕ್ಕೆ ಹುರಿದ ಈರುಳ್ಳಿ, ಪಕ್ಕದಲ್ಲಿ ಮೊಸರು. ನಾಲ್ವರಿಗೆ ಎರಡು ತಟ್ಟೆ, ಬೇಯಿಸಿದ ಕಾಬೂಲ್ ಕಡಲೆ ರುಬ್ಬಿದ ಒಂದು ಹಮ್ಮುಸ್, ಸುಟ್ಟ ಬದನೆಕಾಯಿಗೆ ಎಳ್ಳಿನ ತಹಿನಿ ಬೆರೆಸಿದ ಒಂದು ಮುತಬ್ಬಲ್ ಸಾಕು. ಖಾರ ಬೇಕಿದ್ದರೆ ಗಾಜಾದ 'ದಗ್ಗಾ' ಇದೆಯೇ ಕೇಳಿ. ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಸಬ್ಬಸಿಗೆಯನ್ನು ಮಣ್ಣಿನ ಬಟ್ಟಲಲ್ಲಿ ಜಜ್ಜಿದ್ದು, ನಮ್ಮ ನಾಲಿಗೆಗೆ ಇದೇ ಹತ್ತಿರ.

ಫಲಾಫೆಲ್ ಥೇಟ್ ಆಂಬೊಡೆಯ ತತ್ವ: ನೆನೆಸಿದ ಹಸಿ ಕಾಬೂಲ್ ಕಡಲೆಯನ್ನೇ ರುಬ್ಬಬೇಕು. ಬೇಯಿಸಿ ರುಬ್ಬಿದರೆ ಎಣ್ಣೆಯಲ್ಲಿ ಒಡೆದು ಚೆಲ್ಲಾಪಿಲ್ಲಿ. ಕರಿಯುವ ಎಣ್ಣೆ ಯಾವುದು ಅಂತ ಮಾತ್ರ ವಿಚಾರಿಸಿ. ಕೈಮಾ ತುಂಬಿದ ಕುಬ್ಬೆಯನ್ನೂ ಅದೇ ಬಾಣಲೆಗೆ ಬಿಡುವ ಹೋಟೆಲುಗಳಿವೆ.

ನಾಬ್ಲುಸ್ ಊರಿನ ಸಿಹಿತಿಂಡಿ ಕುನಾಫೆಯನ್ನು ಊಟದ ಜೊತೆಗೇ ಆರ್ಡರ್ ಮಾಡಬೇಡಿ. ಉಪ್ಪುನೀರಿನ ಚೀಸನ್ನು ನೆನೆಸಿ ಉಪ್ಪು ತೆಗೆದು, ಮೇಲೆ ತುಪ್ಪದ ಶಾವಿಗೆಯನ್ನೋ ಪುಡಿಯನ್ನೋ ಹಾಸಿ ಬೇಯಿಸಿ, ಪಾಕ ಸುರಿದದ್ದು. ಆರಿದರೆ ಚೀಸ್ ರಬ್ಬರಾಗುತ್ತದೆ. ಒರಟಾದದ್ದು 'ಖಿಶ್ನೆ', ನುಣುಪಾದದ್ದು 'ನಾಅಮೆ'. ನಮ್ಮ ಮತ ನಾಅಮೆಗೆ. ಕಟ್ಟುನಿಟ್ಟಿನವರು ಚೀಸಿಗೆ ಹಾಲು ಹೆಪ್ಪುಗಟ್ಟಲು ಹಾಕಿದ ರೆನೆಟ್ ಪ್ರಾಣಿಜನ್ಯವೇ ಎಂದು ಕೇಳಬೇಕು. ಬಡಿಸುವವರಿಗೆ ತಿಳಿಯದಿದ್ದರೆ ಚೀಸಿನ ಡಬ್ಬಿಯ ಮೇಲೆ ಬರೆದಿರಬಹುದು, ತೋರಿಸಿ ಅನ್ನಿ.