ಜಿಂಕೆಗಳ ಬೀದಿಯಲ್ಲಿ ಹಿತ್ತಲು ಮಾಡುವವರಿಗೆ

ನ್ಯೂಜೆರ್ಸಿಯ ಬಡಾವಣೆಗಳಲ್ಲಿ ಹಿತ್ತಲಿಗೆ ಜಿಂಕೆ ನುಗ್ಗುವುದು ನಮ್ಮೂರಲ್ಲಿ ಬೀಡಾಡಿ ದನ ನುಗ್ಗಿದಷ್ಟೇ ಮಾಮೂಲು. ಇವು ಬಿಳಿಬಾಲದ ಜಿಂಕೆಗಳು. ಬಂಡೀಪುರದ ಜಿಂಕೆಗಳಂತೆ ಮೈತುಂಬ ಚುಕ್ಕೆ ಇರುವುದು ಮರಿಗಳಿಗೆ ಮಾತ್ರ.

ಬೆಳಗಾಗುವಷ್ಟರಲ್ಲಿ ಹುರುಳಿಕಾಯಿ ಗಿಡ ಬೋಳಾಗಿದ್ದರೆ ಮೊದಲು ಕಚ್ಚಿದ ತುದಿ ನೋಡಿ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂಬಲ್ಲುಗಳಿಲ್ಲ. ಎಳೆದು ಹರಿಯುವುದರಿಂದ ತುದಿ ನಾರುನಾರಾಗಿರುತ್ತದೆ. ಚಾಕುವಿನಿಂದ ಓರೆಯಾಗಿ ಕೊಯ್ದಂತಿದ್ದರೆ ಅದು ಮೊಲದ ಕೆಲಸ, ಎರಡಡಿ ಜಾಲರಿ ಸಾಕು.

ಜಿಂಕೆ ತಡೆಯಲು ಎಂಟು ಅಡಿ ಎತ್ತರದ ಬೇಲಿ ಬೇಕು. ಅಷ್ಟೆತ್ತರಕ್ಕೆ ಎಷ್ಟೋ ಊರುಗಳಲ್ಲಿ ಅನುಮತಿ ಸಿಗುವುದಿಲ್ಲ, ಮೊದಲೇ ವಿಚಾರಿಸಿ. ಸಿಗದಿದ್ದರೆ ನಾಲ್ಕೈದು ಅಡಿಯ ಎರಡು ಬೇಲಿಗಳನ್ನು ನಾಲ್ಕೈದು ಅಡಿ ಅಂತರದಲ್ಲಿ ಹಾಕಿ. ಜಿಂಕೆ ಎತ್ತರಕ್ಕೂ ಹಾರುತ್ತದೆ, ದೂರಕ್ಕೂ ಹಾರುತ್ತದೆ. ಎರಡನ್ನೂ ಒಂದೇ ನೆಗೆತದಲ್ಲಿ ದಾಟಲು ಹಿಂಜರಿಯುತ್ತದೆ. ಹೆಚ್ಚಿನವರು ಎಡವುವುದು ಬೇಲಿಯ ಬುಡದಲ್ಲಿ. ಜಾಲರಿ ನೆಲಕ್ಕೆ ಬಿಗಿಯಾಗಿರದಿದ್ದರೆ ಜಿಂಕೆ ತಲೆ ತೂರಿಸಿ ನುಸುಳುತ್ತದೆ. ಗೂಟ ಹೊಡೆದು ಬಿಗಿಯಿರಿ. ಸಡಿಲ ಪ್ಲಾಸ್ಟಿಕ್ ಬಲೆ ಬೇಡವೇ ಬೇಡ, ಕೊಂಬು ಸಿಕ್ಕಿಕೊಂಡು ಪ್ರಾಣಿ ನರಳುತ್ತದೆ.

ಬೆಳ್ಳುಳ್ಳಿ, ಪುದೀನಾವನ್ನು ಅವು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಗೆಣಸಿನ ಬಳ್ಳಿ, ಹುರುಳಿಕಾಯಿ ಬೇಲಿಯ ಹೊರಗೆ ಉಳಿಯುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಸ್ಪ್ರೇ ಹೂಗಿಡಗಳಿಗೆ ಸರಿ. ಜೋರು ಮಳೆಯಾದ ಮೇಲೆ, ಹೊಸ ಚಿಗುರು ಬಂದಾಗ ಮತ್ತೆ ಹೊಡೆಯಬೇಕು.

ಮೇ ಕೊನೆ, ಜೂನ್‌ನಲ್ಲಿ ಪೊದೆಯ ಬುಡದಲ್ಲಿ ಒಂಟಿ ಮರಿ ಅಲ್ಲಾಡದೆ ಮಲಗಿರುವುದು ಕಂಡರೆ ತಬ್ಬಲಿ ಎಂದುಕೊಳ್ಳಬೇಡಿ. ತಾಯಿ ಬೇಕೆಂದೇ ಗಂಟೆಗಟ್ಟಲೆ ದೂರವಿರುತ್ತದೆ. ಹಾಲು ಕುಡಿಸಬೇಡಿ, ಎತ್ತಬೇಡಿ, ನಾಯಿಯನ್ನು ಒಳಗೆ ಕಟ್ಟಿ. ಚಳಿಗಾಲದಲ್ಲಿ ಕನಿಕರಪಟ್ಟು ಜೋಳ ಸುರಿಯುವುದೂ ತಪ್ಪು. ಒಣ ಕಡ್ಡಿ ತಿಂದು ಒಗ್ಗಿದ ಹೊಟ್ಟೆಗೆ ಹಠಾತ್ತನೆ ಧಾನ್ಯ ಬಿದ್ದರೆ ಆಮ್ಲ ಏರಿ ಸಾಯಬಹುದು.

ಇನ್ನು ಉಣ್ಣೆ, ಅಂದರೆ ಉಣುಗು. 1957ರಲ್ಲಿ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಗುರುತಿಸಿದಂದಿನಿಂದ ಮಲೆನಾಡಿಗರಿಗೆ ಇದರ ಭಯ ಗೊತ್ತು. ಅದು ವೈರಸ್, ಇಲ್ಲಿ ಉಣ್ಣೆ ಕಚ್ಚಿ ಬರುವ ಲೈಮ್ ಕಾಯಿಲೆ ಬ್ಯಾಕ್ಟೀರಿಯಾದ್ದು. ಉಣ್ಣೆಗೆ ಸೋಂಕು ತಗಲುವುದು ಹೆಚ್ಚಾಗಿ ಇಲಿಗಳಿಂದ. ಬೆಳೆದ ಉಣ್ಣೆ ರಕ್ತ ಕುಡಿದು ಸಂತತಿ ಹೆಚ್ಚಿಸಿಕೊಳ್ಳುವುದು ಜಿಂಕೆಯ ಮೇಲೆ. ಮೇಯಿಂದ ಜುಲೈವರೆಗೆ ಕಾಡುವ ಮರಿ ಉಣ್ಣೆ ಗಸಗಸೆ ಕಾಳಿನಷ್ಟೇ ಇರುತ್ತದೆ. ತೋಟದಿಂದ ಬಂದವರೇ ಮಂಡಿಯ ಹಿಂಭಾಗ, ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಕೂದಲ ಬುಡ ಬೆರಳಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಮೇಲಕ್ಕೆ, ತಿರುಚದೆ ಎಳೆಯಿರಿ. ಎಣ್ಣೆ ಸವರುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಸೋಂಕು ದಾಟಲು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಹೊತ್ತು ಬೇಕು, ಹಾಗಾಗಿ ಬೇಗ ಕಿತ್ತಷ್ಟೂ ಒಳ್ಳೆಯದು. ತಾರೀಕು ಬರೆದಿಡಿ. 3ರಿಂದ 30 ದಿನದೊಳಗೆ ಹರಡುವ ಕೆಂಪು ಮಚ್ಚೆ, ಜ್ವರ ಬಂದರೆ ವೈದ್ಯರಿಗೆ ಆ ತಾರೀಕನ್ನೇ ಮೊದಲು ಹೇಳಿ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಜಿಂಕೆಗಳ ಬೆದೆಯ ಕಾಲದಲ್ಲಿ, ನಸುಕು-ಮುಸ್ಸಂಜೆ ಕಾರು ನಿಧಾನವಿರಲಿ. ಎದುರಿಗೆ ಬಂದರೆ ಸ್ಟಿಯರಿಂಗ್ ತಿರುಗಿಸದೆ ನೇರವಾಗಿ ಬ್ರೇಕ್ ಒತ್ತಿ. ಒಂದು ದಾಟಿತೆಂದು ತಕ್ಷಣ ಹೊರಡಬೇಡಿ, ಹಿಂದೆಯೇ ಇನ್ನೊಂದು ಇರುತ್ತದೆ.