ತಾನಾಗಿಯೇ ಇಳಿಜಾರು ಹತ್ತಿದ ಪೆಟ್ಟಿಗೆ

ಮಂಗಳೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಪ್ರಥಮ ಪಿಯುಸಿ ಮಕ್ಕಳಿಗೆ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದೆ: 10 ಡಿಗ್ರಿ ಓರೆಯಾಗಿರುವ ಹಲಗೆಯ ಮೇಲೆ 10 ಕಿಲೋಗ್ರಾಂ ಪೆಟ್ಟಿಗೆ ಅಲುಗದೆ ನಿಂತಿದೆ. ಸ್ಥಿರ ಘರ್ಷಣಾ ಗುಣಾಂಕ, ಅಂದರೆ ನಿಂತಿರುವ ಎರಡು ಮೇಲ್ಮೈಗಳು ಜಾರದಂತೆ ಎಷ್ಟು ಹಿಡಿಯಬಲ್ಲವು ಎಂಬುದರ ಅಳತೆ, 0.5. ಘರ್ಷಣೆ ಎಷ್ಟು?

ತರಗತಿಯ ಬಹುಪಾಲು ಮಕ್ಕಳು 48 ನ್ಯೂಟನ್ ಎಂದು ಬರೆದಿದ್ದರು. ಒಬ್ಬ ಹುಡುಗ ಮಾತ್ರ ಅಲ್ಲಿಗೇ ನಿಲ್ಲಿಸಿರಲಿಲ್ಲ. ಇಳಿಜಾರಿನ ಗುಂಟ ಕೆಳಗೆಳೆಯುವ ಬಲ 17 ನ್ಯೂಟನ್, ಮೇಲಕ್ಕೆ ತಡೆಯುವ ಘರ್ಷಣೆ 48, ಉಳಿದದ್ದು 31. ಆದ್ದರಿಂದ ಪೆಟ್ಟಿಗೆ ಮೇಲಕ್ಕೆ ಚಲಿಸುತ್ತದೆ ಎಂದು ವೇಗೋತ್ಕರ್ಷವನ್ನೂ ಲೆಕ್ಕ ಹಾಕಿದ್ದ.

ಕೆಂಪು ಶಾಯಿಯಲ್ಲಿ ಗೀಟು ಹಾಕಲು ಹೊರಟ ಕೈ ತಡೆಯಿತು. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ‘ಘರ್ಷಣೆ ಎಂದರೆ ಗುಣಾಂಕ ಗುಣಿಸು ಲಂಬ ಬಲ’ ಎಂದು ನೋಟ್ಸ್ ಬರೆಸಿದವನು ನಾನು. ಲಂಬ ಬಲ ಎಂದರೆ ಹಲಗೆ ತನ್ನ ಮೇಲ್ಮೈಗೆ ಲಂಬವಾಗಿ ಪೆಟ್ಟಿಗೆಯನ್ನು ಒತ್ತುವ ಬಲ; ಅದನ್ನು 0.5ರಿಂದ ಗುಣಿಸಿದರೆ ಬರುವುದೇ ಆ 48. ಆದರೆ ಅದು ಘರ್ಷಣೆಯ ಗರಿಷ್ಠ ಮಿತಿ. ವಸ್ತು ನಿಂತಿರುವಾಗ ಘರ್ಷಣೆ ಎಷ್ಟು ಬೇಕೋ ಅಷ್ಟೇ ಇರುತ್ತದೆ ಎಂಬ ಮುಖ್ಯ ಮಾತನ್ನು ಅವಸರದಲ್ಲಿ ಹೇಳದೆ ಬಿಟ್ಟುಬಿಟ್ಟಿದ್ದೆ. ನನ್ನ ಪಾಠವನ್ನು ಕೊನೆಯವರೆಗೂ ನಂಬಿದ್ದವನು ಆ ಹುಡುಗನೊಬ್ಬನೇ.

ಮರುದಿನ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. “ಬಾವುಟಗುಡ್ಡೆಯ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಕಾರು ತಾನಾಗಿಯೇ ಮೇಲಕ್ಕೆ ಹೋಗುತ್ತದೆಯೇ?” ಎಂದು ಕೇಳಿದೆ. ಮಕ್ಕಳು ನಕ್ಕರು. ಆ ಹುಡುಗ ನಗಲಿಲ್ಲ. ಪುಸ್ತಕ ತೆರೆದು ತನ್ನ ಲೆಕ್ಕವನ್ನೇ ನೋಡುತ್ತಿದ್ದ. “ಸರ್, ಹಾಗಾದರೆ 48 ಎಲ್ಲಿಂದ ಬಂತು?” ಎಂದ.

ಪ್ರಯೋಗಾಲಯದಿಂದ ಮರದ ಹಲಗೆ, ಮರದ ತುಂಡು, ಕೋನಮಾಪಕ ತಂದೆವು. ಹಲಗೆಯ ಒಂದು ತುದಿಯನ್ನು ಅವನೇ ನಿಧಾನವಾಗಿ ಎತ್ತಿದ. ಹತ್ತು ಡಿಗ್ರಿ, ಹದಿನೈದು, ಇಪ್ಪತ್ತು. ತುಂಡು ಕದಲಲಿಲ್ಲ. ಕೆಳಗೆಳೆಯುವ ಬಲ ಹೆಚ್ಚಿದಂತೆಲ್ಲ ಘರ್ಷಣೆಯೂ ಅದಕ್ಕೆ ಸರಿಯಾಗಿ ಹೆಚ್ಚುತ್ತಿದೆ ಎಂದು ಮಕ್ಕಳೇ ಹೇಳಿದರು. 24 ಡಿಗ್ರಿ ದಾಟಿದಾಗ ತುಂಡು ಸರ್ರನೆ ಜಾರಿತು. ಮಿತಿ ಇದ್ದದ್ದು ಅಲ್ಲಿ. ಆ ಕೋನದ ಟ್ಯಾನ್ ಬೆಲೆ (ಹಲಗೆ ಏರಿದ ಎತ್ತರವನ್ನು ಅದರ ಅಡ್ಡ ದೂರದಿಂದ ಭಾಗಿಸಿದರೆ ಬರುವುದು), ಸುಮಾರು 0.45, ಆ ಎರಡು ಮರಗಳ ನಡುವಿನ ಗುಣಾಂಕ. ತುಂಡಿನ ಮೇಲೆ ಇನ್ನೊಂದು ತುಂಡು ಇಟ್ಟರೆ ಬೇಗ ಜಾರುತ್ತದೆ ಎಂದು ಅರ್ಧ ತರಗತಿ ಕೈ ಎತ್ತಿತು. ಜಾರಿದ್ದು ಹೆಚ್ಚುಕಡಿಮೆ ಅದೇ ಕೋನದಲ್ಲಿ. ಎಳೆಯುವ ಬಲ ಇಮ್ಮಡಿಯಾದಾಗ ಲಂಬ ಬಲವೂ ಇಮ್ಮಡಿ, ತಡೆಯುವ ಮಿತಿಯೂ ಇಮ್ಮಡಿ. ಇದನ್ನು ನಾನು ಹಿಂದಿನ ವಾರವೇ ಬೋರ್ಡಿನ ಮೇಲೆ ಸಾಧಿಸಿ ತೋರಿಸಿದ್ದೆ, ಯಾರ ತಲೆಗೂ ಹೋಗಿರಲಿಲ್ಲ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವರ ಮನೆಗೆ ಇಳಿಯುವ ದಾರಿ ಬೇಸಿಗೆಯಲ್ಲಿ ಸುಗಮ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೇಲೆ ಅಡಿಕೆ ಸೋಗೆ ಹಾಸದೆ ಅಜ್ಜಿ ಕಾಲಿಡುವಂತಿಲ್ಲ. “ಇಳಿಜಾರು ಅಷ್ಟೇ ಇದೆ ಸರ್, ಅಜ್ಜಿಯ ತೂಕವೂ ಅಷ್ಟೇ. ಬದಲಾದದ್ದು ಗುಣಾಂಕ ಮಾತ್ರ, ಅಲ್ಲವೇ?”

ಈಗ ಆ ಅಧ್ಯಾಯವನ್ನು ಹಲಗೆ ಎತ್ತುವುದರಿಂದಲೇ ಆರಂಭಿಸುತ್ತೇನೆ. ಒಂದು ಪೂರ್ತಿ ಅವಧಿ ಅದಕ್ಕೇ ಹೋಗುತ್ತದೆ, ಸೂತ್ರ ಬರುವುದು ಮರುದಿನ. ಆ ಹುಡುಗನಿಗೆ ಆ ಪ್ರಶ್ನೆಯ ಪೂರ್ಣ ಅಂಕ ಕೊಟ್ಟೆ. ಪತ್ರಿಕೆಯ ಅಂಚಿನಲ್ಲಿ ‘17 ನ್ಯೂಟನ್, ಅಷ್ಟೇ ಸಾಕು’ ಎಂದು ಅವನೇ ಪೆನ್ಸಿಲಿನಲ್ಲಿ ಬರೆದುಕೊಂಡ.